ವಿಕ್ರಮ್ ಇಳಿದದ್ದು ಆಯಿತು, ಆಮೇಲೆ ಏನು ಸಿಕ್ಕಿತು?

ಎಂಟನೇ ಬಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಮ್ಮದು ಬಯಲುಸೀಮೆಯ ಹಳ್ಳಿಯೊಂದರ ಪ್ರೌಢಶಾಲೆ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದ ನೆನಪಿಗೆ ಆಗಸ್ಟ್ 23ರಂದು ರಾಷ್ಟ್ರೀಯ ಬಾಹ್ಯಾಕಾಶ ದಿನ ಆಚರಿಸಿದೆವು. ಥರ್ಮೋಕೋಲಿನ ಲ್ಯಾಂಡರ್ ಮಾಡಿ, ಅದಕ್ಕೆ ಬಂಗಾರದ ಬಣ್ಣದ ಕಾಗದ ಅಂಟಿಸಿ, ತೊಲೆಯಿಂದ ದಾರ ಕಟ್ಟಿ ಮೆಲ್ಲಗೆ ಇಳಿಸಿದೆವು. ಚಪ್ಪಾಳೆ ಬಿತ್ತು. ಎಲ್ಲರಿಗೂ ಎರಡೆರಡು ಪೆಪ್ಪರ್‌ಮೆಂಟು ಹಂಚಿ, ನಾನು ದಾರ ಸುತ್ತಿಡುತ್ತಿರುವಾಗ ಹುಡುಗಿಯೊಬ್ಬಳು ಬಂದು ಕೇಳಿದಳು: "ಇಳಿದದ್ದು ಆಯಿತು ಸರ್. ಆಮೇಲೆ ಅಲ್ಲಿ ಏನು ಸಿಕ್ಕಿತು?"

"ಗಂಧಕ ಸಿಕ್ಕಿತು" ಎಂದೆ.

"ಗಂಧಕ ಸಿಕ್ಕರೆ ಏನಾಯಿತು ಸರ್?"

ಅಲ್ಲಿಗೆ ನನ್ನ ಬಂಡವಾಳ ಮುಗಿಯಿತು. 2023ರಲ್ಲಿ ಇಳಿದ ಸಂಜೆ, 6 ಗಂಟೆ 4 ನಿಮಿಷ, ಎಲ್ಲ ನೆನಪಿದೆ. ಆಮೇಲಿನದು ನನಗೆ ಗೊತ್ತಿಲ್ಲ ಎಂಬುದೇ ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ. ಹದಿಮೂರು ವರ್ಷದ ಮಕ್ಕಳಿಗೆ ಅರ್ಥವಾಗುವಂತಿರಲಿ.

ಸುದ್ದಿಮನೆ ಬಿಟ್ಟವನು:

ಮೇಷ್ಟ್ರೇ, ತಪ್ಪು ನಿಮ್ಮದಲ್ಲ, ನಮ್ಮದು. ಇಳಿದ ರಾತ್ರಿ ಮುಖಪುಟವನ್ನು ಮೂರು ಸಲ ಕಟ್ಟಿದ್ದೆವು. ಒಂದು ವರ್ಷದ ನಂತರ, 2024ರ ಆಗಸ್ಟ್ 21ರಂದು, ವಿಕ್ರಮ್ ಒಳಗಿಂದ ಇಳಿದ ಪುಟ್ಟ ಬಂಡಿ, ಪ್ರಜ್ಞಾನ್ ರೋವರ್, ಅಳೆದ ಮಣ್ಣಿನ ವಿವರ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಅದಕ್ಕೆ ಸಿಕ್ಕಿದ್ದು ಒಳಪುಟದ ಒಂದು ಕಾಲಂ, ಅದೂ ಒಂದು ಟೈಲ್ಸ್ ಅಂಗಡಿಯ ಜಾಹೀರಾತು ಕೊನೆಯ ಗಳಿಗೆಯಲ್ಲಿ ರದ್ದಾಗಿದ್ದರಿಂದ.

ಕಲ್ಲು ತಟ್ಟುವವಳು:

ಭೂವಿಜ್ಞಾನ ಓದಿದವಳು, ಆದ್ದರಿಂದ ಮಣ್ಣಿನ ಭಾಗ ನನಗಿರಲಿ.

ಮೊದಲು ಗಂಧಕ. ರೋವರಿನಲ್ಲಿ ಎರಡು ಉಪಕರಣಗಳಿದ್ದವು. ಒಂದರ ಹೆಸರು ಲಿಬ್ಸ್. ಅದು ನೆಲಕ್ಕೆ ಲೇಸರ್ ಬಡಿಯುತ್ತದೆ, ಚಿಟಿಕೆ ಮಣ್ಣು ಕಾದು ಆವಿಯಾಗಿ ಹೊಳೆಯುತ್ತದೆ. ದೀಪಾವಳಿಯ ಬಾಣಬಿರುಸಿನಲ್ಲಿ ಹಸಿರು ಬಣ್ಣ ಕಂಡರೆ ಬೇರಿಯಂ, ಕೆಂಪು ಕಂಡರೆ ಸ್ಟ್ರಾನ್ಷಿಯಂ ಎನ್ನುತ್ತೇವಲ್ಲ, ಹಾಗೆ ಆ ಹೊಳಪಿನ ಬಣ್ಣಗಳಿಂದ ಧಾತು ಯಾವುದೆಂದು ಗುರುತಿಸುತ್ತದೆ. ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಕ್ರೋಮಿಯಂ, ಟೈಟೇನಿಯಂ ಇವುಗಳ ಜೊತೆ ಗಂಧಕವೂ ಕಂಡಿತು. ಅಮೆರಿಕದ ಅಪೊಲೊ ಯಾತ್ರಿಕರು ಚಂದ್ರನಿಂದ ತಂದ ಕಲ್ಲುಗಳಲ್ಲಿಯೂ ಗಂಧಕ ಇತ್ತು. ಆದರೆ ದಕ್ಷಿಣದ ಅಷ್ಟು ದೂರದ ನೆಲವನ್ನು ಅಲ್ಲಿಯೇ ನಿಂತು ಪರೀಕ್ಷಿಸಿದವರು ಆವರೆಗೆ ಯಾರೂ ಇರಲಿಲ್ಲ. ಅದು ಹಳೆಯ ಜ್ವಾಲಾಮುಖಿಯಿಂದ ಬಂತೋ, ಬಿದ್ದ ಉಲ್ಕೆಯಿಂದ ಬಂತೋ ಎಂಬುದು ಮುಂದಿನ ಪ್ರಶ್ನೆ. ಆ ಉಪಕರಣ ತಯಾರಾದದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ನನಗೆ ಗಂಧಕಕ್ಕಿಂತ ಇನ್ನೊಂದು ಉಪಕರಣದ ಕತೆ ದೊಡ್ಡದು. ಅದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಪಿಎಕ್ಸ್‌ಎಸ್. ಒಳಗೆ ಕ್ಯೂರಿಯಂ ಎಂಬ ವಿಕಿರಣಶೀಲ ಧಾತುವಿನ ತುಣುಕು. ರೋವರ್ ನಿಂತಲ್ಲಿ ನಿಂತು, ಉಪಕರಣವನ್ನು ನೆಲದ ಹತ್ತಿರಕ್ಕೆ ಇಳಿಸಿ, ವಿಕಿರಣ ತಗುಲಿದ ಮಣ್ಣು ಮರಳಿ ಸೂಸುವ ಎಕ್ಸ್-ಕಿರಣಗಳನ್ನು ತಾಳ್ಮೆಯಿಂದ ಎಣಿಸಬೇಕು. 26 ಕಿಲೋ ತೂಕದ ಬಂಡಿ ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಒಟ್ಟು 103 ಮೀಟರ್ ಹೋಗುವಷ್ಟರಲ್ಲಿ 23 ಕಡೆ ಹೀಗೆ ಅಳತೆ ತೆಗೆಯಿತು. ಸಿಕ್ಕಿದ್ದು ಬಹುಪಾಲು ಒಂದೇ ಬಗೆಯ ಮಣ್ಣು: ಅನಾರ್ಥೊಸೈಟ್ ಎಂಬ ಬಿಳಿಚಿದ ಕಲ್ಲಿನ ಪುಡಿ.

ಇದು ಏಕೆ ಮುಖ್ಯ? 1969ರಲ್ಲಿ ಅಪೊಲೊ 11 ತಂದ ಮಣ್ಣಿನಲ್ಲಿ ಇಂಥ ಬಿಳಿ ಚೂರುಗಳು ಸಿಕ್ಕಾಗ ವಿಜ್ಞಾನಿಗಳು ಒಂದು ಊಹೆ ಮಾಡಿದರು. ಹುಟ್ಟಿದ ಹೊಸದರಲ್ಲಿ ಚಂದ್ರನ ಮೈ ಪೂರ್ತಿ ಕರಗಿದ ಕಲ್ಲಿನ ಸಮುದ್ರವಾಗಿತ್ತು, ತಣ್ಣಗಾಗುತ್ತ ಭಾರದ ಖನಿಜಗಳು ಮುಳುಗಿದವು, ಹಗುರವಾದವು ತೇಲಿ ಬಂದು ಹೆಪ್ಪುಗಟ್ಟಿದವು ಎಂದು. ಆದರೆ ಅಪೊಲೊದ ಆರು ತಂಡಗಳೂ ಇಳಿದದ್ದು ನಮಗೆ ಕಾಣುವ ಬದಿಯಲ್ಲಿ, ಸಮಭಾಜಕದ ಆಸುಪಾಸಿನಲ್ಲಿ. ಕರಗಿದ್ದು ಇಡೀ ಚಂದ್ರನೇ ಹೌದಾದರೆ ದಕ್ಷಿಣದ ದೂರದಲ್ಲಿಯೂ ಅದೇ ಕಲ್ಲು ಇರಬೇಕು. ಪ್ರಜ್ಞಾನ್ ಹೋಗಿ ನೋಡಿತು, ಇತ್ತು.

ಆಲೆಮನೆ ಹುಡುಗ:

ಅಕ್ಕಾ, ನಾವು ಮಂಡ್ಯದ ಕಡೆಯವರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಜಾಲರಿಯಲ್ಲಿ ತೆಗೆಯುತ್ತೇವೆ. ಚಂದ್ರನ ನೊರೆ ತೆಗೆಯುವವರು ಯಾರೂ ಇರಲಿಲ್ಲ, ಅಲ್ಲಿಯೇ ಗಟ್ಟಿಯಾಯಿತು. ಹೀಗೆ ಅಂದುಕೊಳ್ಳಬಹುದೇ?

ಕಲ್ಲು ತಟ್ಟುವವಳು:

ಧಾರಾಳವಾಗಿ. ಒಂದು ತಿದ್ದುಪಡಿ ಮಾತ್ರ: ಆ ನೊರೆಯನ್ನು ಆಮೇಲೆ ಯಾರೋ ಕಲಕಿದ್ದಾರೆ. ಪ್ರಜ್ಞಾನ್ ಕಂಡ ಮಣ್ಣಿನಲ್ಲಿ ಮೆಗ್ನೀಸಿಯಂ ಲೆಕ್ಕಕ್ಕಿಂತ ಹೆಚ್ಚಿತ್ತು. ಅದು ಕೊಪ್ಪರಿಗೆಯ ಮೇಲ್ಪದರದ್ದಲ್ಲ, ಕೆಳಗಿನದು. ಇಳಿದ ಜಾಗದಿಂದ ಸುಮಾರು 350 ಕಿಲೋಮೀಟರ್ ಆಚೆ ದಕ್ಷಿಣ ಧ್ರುವ-ಐಟ್‌ಕೆನ್ ಎಂಬ ಕುಳಿಯ ಅಂಚು ಇದೆ. ಆ ಕುಳಿಯ ಅಗಲ ಸುಮಾರು 2500 ಕಿಲೋಮೀಟರ್, ನಮ್ಮ ದೇಶವೇ ಹೆಚ್ಚುಕಡಿಮೆ ಅದರೊಳಗೆ ಕೂರುತ್ತದೆ. 400 ಕೋಟಿ ವರ್ಷಕ್ಕೂ ಹಿಂದೆ ಅದನ್ನು ಕೊರೆದ ಹೊಡೆತದಲ್ಲಿ ಆಳದ ಕಲ್ಲು ಚಿಮ್ಮಿ ಸುತ್ತ ಬಿದ್ದು ಬೆರೆತಿದೆ ಎಂಬುದು 'ನೇಚರ್' ಪ್ರಬಂಧದ ವಾದ.

ಪಕ್ಕದ ಮಾತು: ಇದೇ ಜಾತಿಯ ಕಲ್ಲು ನಮ್ಮ ಪಕ್ಕದಲ್ಲಿಯೇ ಇದೆ, ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಲ್ಲಿ. ಇಸ್ರೋ ಅದನ್ನು ಪುಡಿಮಾಡಿಸಿ ಬೆಂಗಳೂರಿಗೆ ತರಿಸಿ ನಕಲಿ ಚಂದ್ರನೆಲ ಹಾಸಿ, ರೋವರಿನ ಚಕ್ರ ಪರೀಕ್ಷಿಸಿತು.

ಲೆಕ್ಕಿಗ:

ಎಲ್ಲ ಸರಿ. ಯೋಜನೆಗೆ ತಗುಲಿದ್ದು ಸುಮಾರು 615 ಕೋಟಿ ರೂಪಾಯಿ. 1969ರ ಊಹೆ ಸರಿ ಎಂದು ತಿಳಿಯಲು ಇಷ್ಟು ಹಣವೇ? ನನ್ನನ್ನು ದೇಶದ್ರೋಹಿ ಎನ್ನುವ ಮೊದಲು ಉತ್ತರ ಕೊಡಿ.

ಸುದ್ದಿಮನೆ ಬಿಟ್ಟವನು:

ಯಾರೂ ಅನ್ನುವುದಿಲ್ಲ, ಕೇಳಿ. ನಾನೂ ಒಂದು ತಕರಾರು ಸೇರಿಸುತ್ತೇನೆ. "ದಕ್ಷಿಣ ಧ್ರುವದಲ್ಲಿ ಇಳಿದ ಭಾರತ" ಎಂದು ನಾನೇ ಶೀರ್ಷಿಕೆ ಕೊಟ್ಟಿದ್ದೆ. ಇಳಿದದ್ದು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಧ್ರುವ 90ರಲ್ಲಿದೆ, ಇನ್ನೂ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಂಟಾರ್ಕ್‌ಟಿಕಾದಲ್ಲಿರುವ ನಮ್ಮ 'ಭಾರತಿ' ಸಂಶೋಧನಾ ಕೇಂದ್ರವೂ ಭೂಮಿಯ 69 ಡಿಗ್ರಿ ದಕ್ಷಿಣದಲ್ಲಿಯೇ ಇದೆ, ಅದನ್ನು ಯಾರೂ ದಕ್ಷಿಣ ಧ್ರುವ ಎಂದು ಕರೆಯುವುದಿಲ್ಲ. ಆದರೆ ಒಂದು ಮಾತು ನಿಜ. ಅದಕ್ಕೆ ಮೊದಲು ಸರಿಯಾಗಿ ಇಳಿದವರಲ್ಲಿ ಅತಿ ದಕ್ಷಿಣಕ್ಕೆ ಹೋಗಿದ್ದದ್ದು ಚೀನಾದ ಚಾಂಗ್ಎ-4, ಅದೂ 45 ಡಿಗ್ರಿವರೆಗೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಖಾಸಗಿ ನೌಕೆ ಒಡಿಸಿಯಸ್ 80 ಡಿಗ್ರಿಗೆ ಹೋಗಿ ಇಳಿಯಿತು, ವಾಲಿಕೊಂಡು. ಮರುವರ್ಷ ಅದೇ ಕಂಪನಿಯ ಅಥೀನಾ ಇನ್ನೂ ದಕ್ಷಿಣಕ್ಕೆ ಹೋಗಿ ಮಗ್ಗುಲಾಗಿ ಬಿತ್ತು.

ಕಾವಲಿ:

ಲೆಕ್ಕಿಗರೇ, ನಾನು ಶಾಖ ವಿನಿಮಯದ ಯಂತ್ರಗಳ ಕೆಲಸ ಮಾಡುವ ಎಂಜಿನಿಯರ್, ಬಾಯ್ಲರು ನನ್ನ ಹೊಟ್ಟೆಪಾಡು. ಆ 69 ಡಿಗ್ರಿಯ ಬಗ್ಗೆಯೇ ಉತ್ತರ ಕೊಡುತ್ತೇನೆ, ಏಕೆಂದರೆ ಇಡೀ ಯೋಜನೆಯಲ್ಲಿ ನನಗೆ ನಿದ್ದೆ ಕೆಡಿಸಿದ ಫಲಿತಾಂಶ ಅಲ್ಲಿಯೇ ಇದೆ.

ಲ್ಯಾಂಡರಿನಲ್ಲಿ ಚಾಸ್ಟೆ ಎಂಬ ಒಂದು ಸೂಜಿ ಇತ್ತು. ಮೈಯುದ್ದಕ್ಕೂ 10 ತಾಪ ಸಂವೇದಕಗಳು. ಮೋಟಾರು ಅದನ್ನು ತಿರುಗಿಸುತ್ತ ನೆಲಕ್ಕೆ ಇಳಿಸುತ್ತದೆ, 10 ಸೆಂಟಿಮೀಟರ್ ಆಳದವರೆಗೆ. ಅಷ್ಟೇನಾ ಎನ್ನಬೇಡಿ. ಮಂಗಳನ ಮೇಲೆ ನಾಸಾದ ಇನ್‌ಸೈಟ್ ನೌಕೆಯ ಇಂಥದ್ದೇ ಸಾಧನ ಐದು ಮೀಟರ್ ಇಳಿಯಬೇಕಿತ್ತು. ಸುತ್ತಿಗೆಯಂತೆ ತನ್ನನ್ನು ತಾನೇ ಬಡಿದುಕೊಂಡು, ಮಣ್ಣಿನ ಹಿಡಿತ ಸಿಗದೆ ಎರಡು ವರ್ಷ ಒದ್ದಾಡಿ 2021ರ ಜನವರಿಯಲ್ಲಿ ಕೈಚೆಲ್ಲಿತು. ಚಂದ್ರನಲ್ಲಿ ಅಪೊಲೊ 15 ಮತ್ತು 17ರ ಗಗನಯಾತ್ರಿಗಳು ಕೈಯಲ್ಲಿ ಹಿಡಿದ ಡ್ರಿಲ್ಲಿನಿಂದ ರಂಧ್ರ ಕೊರೆದು ತಾಪ ಅಳೆದಿದ್ದರು, ಅದೂ ಸಮಭಾಜಕದ ಕಡೆ. ಇಷ್ಟು ಎತ್ತರದ ಅಕ್ಷಾಂಶದ ನೆಲಕ್ಕೆ ಉಷ್ಣಮಾಪಕ ಇಟ್ಟವರು ಅದುವರೆಗೆ ಇಲ್ಲ.

ಮೊದಲ ಅಚ್ಚರಿ 2023ರ ಆಗಸ್ಟಿನಲ್ಲಿಯೇ ಬಂತು. ಮೇಲ್ಮೈ ಕಾದ ಕಾವಲಿ, 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಡಿಮೆ. ನಿಮ್ಮ ಅಂಗೈ ಅಗಲದಷ್ಟು ಮಣ್ಣಿನಲ್ಲಿ ಒಂದು ತುದಿ ಸುಡುಬಿಸಿಲು, ಇನ್ನೊಂದು ತುದಿ ಐಸ್ ಪೆಟ್ಟಿಗೆ. ಅಲ್ಲಿ ಗಾಳಿಯಿಲ್ಲ. ನಮ್ಮ ಮಣ್ಣಿನ ಕಣಗಳ ನಡುವೆ ಗಾಳಿ, ತೇವ ಇದ್ದು ಶಾಖವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಅಲ್ಲಿ ಕಣ ಕಣವನ್ನು ಮುಟ್ಟಿದ ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ದಾಟಬೇಕು. ಬಾಯ್ಲರಿಗೆ ಸುತ್ತಲು ಅಷ್ಟು ಒಳ್ಳೆಯ ಹೊದಿಕೆ ನನಗೆ ಸಿಕ್ಕಿದ್ದರೆ ಕಂಪನಿಯವರು ನನಗೆ ಬಡ್ತಿಯನ್ನಾದರೂ ಕೊಡುತ್ತಿದ್ದರು.

ಎರಡನೆಯದು 2025ರ ಮಾರ್ಚಿನಲ್ಲಿ ಪ್ರಕಟವಾಯಿತು. ಸೂಜಿ ಚುಚ್ಚಿದ ಜಾಗದಲ್ಲಿ ಮೇಲ್ಮೈಯ ಗರಿಷ್ಠ ತಾಪ 355 ಕೆಲ್ವಿನ್, ಅಂದರೆ 82 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಸುಮಾರು ಒಂದು ಮೀಟರ್ ದೂರದ ಸಮತಟ್ಟು ನೆಲದಲ್ಲಿ 332 ಕೆಲ್ವಿನ್, 59 ಡಿಗ್ರಿ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ 23 ಡಿಗ್ರಿ ವ್ಯತ್ಯಾಸ! ಕಾರಣ: ಸೂಜಿ ಇದ್ದ ಜಾಗ ಸೂರ್ಯನ ಕಡೆಗೆ 6 ಡಿಗ್ರಿ ಓರೆಯಾಗಿತ್ತು.

ಲೆಕ್ಕಿಗ:

6 ಡಿಗ್ರಿ ಓರೆಗೆ 23 ಡಿಗ್ರಿ ಬಿಸಿಯೇ? ನಮ್ಮ ಮನೆಯ ತಾರಸಿಯೂ ನೀರು ಹರಿಯಲೆಂದು ಓರೆಯಾಗಿದೆ.

ಪಂಚಾಂಗ:

ನಿಮ್ಮ ತಾರಸಿಯ ಮೇಲೆ ಸೂರ್ಯ ನೆತ್ತಿಗೆ ಬರುತ್ತಾನೆ ಸ್ವಾಮಿ. 69 ಡಿಗ್ರಿಯಲ್ಲಿ ಅವನು ಮಧ್ಯಾಹ್ನಕ್ಕೂ ದಿಗಂತದಿಂದ ಸುಮಾರು 21 ಡಿಗ್ರಿ ಮಾತ್ರ ಏರುತ್ತಾನೆ. ಯಾವಾಗಲೂ ನಮ್ಮ ಬೆಳಗಿನ ಏಳೂವರೆಯ ಬಿಸಿಲು. ಅಂಥ ಓರೆ ಬಿಸಿಲಿಗೆ ನೆಲ ಆರು ಡಿಗ್ರಿ ಎದ್ದು ಮುಖ ಕೊಟ್ಟರೆ ಬಿಸಿಲು 27 ಡಿಗ್ರಿಯಲ್ಲಿ ಬಿದ್ದಂತಾಯಿತು.

ಲೆಕ್ಕ ನೀವೇ ಮಾಡಿ. ಸೈನ್ 21 ಎಂದರೆ 0.358, ಸೈನ್ 27 ಎಂದರೆ 0.454. ಅದೇ ಅಂಗೈಯಗಲ ನೆಲಕ್ಕೆ ಬೀಳುವ ಬಿಸಿಲು ಕಾಲು ಪಾಲಿಗೂ ಸ್ವಲ್ಪ ಹೆಚ್ಚಾಯಿತು. ಗಾಳಿಯಿಲ್ಲದ ನೆಲ ಶಾಖ ಕಳೆದುಕೊಳ್ಳುವುದು ವಿಕಿರಣದಿಂದಲೇ, ಅದು ತಾಪದ ನಾಲ್ಕನೇ ಘಾತಕ್ಕೆ ತಕ್ಕಂತೆ ನಡೆಯುತ್ತದೆ. ಆ ಅನುಪಾತದ ನಾಲ್ಕನೇ ಮೂಲ 1.06. 332ನ್ನು ಅದರಿಂದ ಗುಣಿಸಿ. 352 ಬರುತ್ತದೆ. ಅಳೆದದ್ದು 355. ಚೀಟಿಯ ಹಿಂಬದಿಯ ಲೆಕ್ಕಕ್ಕೆ ಇದಕ್ಕಿಂತ ಹೆಚ್ಚು ಮರ್ಯಾದೆ ಬೇಡ.

ಕಾವಲಿ:

ಸರಿಯಾಗಿ ಹೇಳಿದಿರಿ. ಈಗ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಓರೆ ಸೂರ್ಯನ ಕಡೆಗಿರುವ ಬದಲು ಧ್ರುವದ ಕಡೆಗಿದ್ದರೆ? ಸಂಶೋಧಕರ ಅಂದಾಜಿನ ಪ್ರಕಾರ ಇಂಥ ಅಕ್ಷಾಂಶದಲ್ಲಿ ಧ್ರುವಕ್ಕೆ ಮುಖ ಮಾಡಿದ ಇಳಿಜಾರು 14 ಡಿಗ್ರಿಗಿಂತ ಕಡಿದಾಗಿದ್ದರೆ ಅಲ್ಲಿ ಮೇಲ್ಮೈಗೆ ಹತ್ತಿರದಲ್ಲಿಯೇ ನೀರು ಮಂಜುಗಡ್ಡೆಯಾಗಿ ಸೇರಿಕೊಳ್ಳಬಹುದು. 21ರಿಂದ 14 ಕಳೆದರೆ 7. ಮಧ್ಯಾಹ್ನದ ಬಿಸಿಲಿನ ಮಟ್ಟಿಗೆ ಆ ಇಳಿಜಾರು 69ರಲ್ಲಿದ್ದುಕೊಂಡೇ 83 ಡಿಗ್ರಿಯ ನೆಲದಂತೆ ವರ್ತಿಸುತ್ತದೆ. ಧ್ರುವದ ಕತ್ತಲ ಕುಳಿಗಳಿಗೆ ಇಳಿಯುವುದು ಎಷ್ಟು ಕಷ್ಟವೆಂದು ಅಥೀನಾ ತೋರಿಸಿದೆ. ನೀರು ಹುಡುಕಲು ಅಲ್ಲಿಯವರೆಗೆ ಹೋಗಲೇಬೇಕಿಲ್ಲ, ಇಳಿಯಲು ಸುಲಭವಾದ ಜಾಗದ ನೆರಳು ಬದಿಯೂ ಸಾಕಾಗಬಹುದು ಎಂಬ ಸುಳಿವು 10 ಸೆಂಟಿಮೀಟರಿನ ಸೂಜಿಯಿಂದ ಬಂತು. 615 ಕೋಟಿಗೆ ಇದು ದುಬಾರಿಯೋ ಅಗ್ಗವೋ, ಅದು ನಿಮ್ಮ ಇಲಾಖೆ.

ಲೆಕ್ಕಿಗ:

ಅಗ್ಗ ಎನ್ನುವುದಿಲ್ಲ. ದುಬಾರಿ ಎನ್ನುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ.

ಪೀಣ್ಯ ಎರಡನೇ ಹಂತ:

ಒಂದು ಅಧಿಕಪ್ರಸಂಗ. ವಿಕ್ರಮ್ ಕಳಿಸಿದ ಸಂಕೇತ 3.8 ಲಕ್ಷ ಕಿಲೋಮೀಟರ್ ದಾಟಿ ಬೆಂಗಳೂರಿನ ಹತ್ತಿರದ ಬ್ಯಾಲಾಳಿನ 32 ಮೀಟರ್ ಆಂಟೆನಾ ತಟ್ಟೆಗೆ ಬೀಳಲು 1.3 ಸೆಕೆಂಡು ಸಾಕಿತ್ತು. ಅವತ್ತು ಸಂಜೆ ನಾನು ಅದೇ ಪೀಣ್ಯದ ನಿಯಂತ್ರಣ ಕೇಂದ್ರದ ಹತ್ತಿರದ ಸಿಗ್ನಲ್ ದಾಟಲು ಐವತ್ತು ನಿಮಿಷ ತೆಗೆದುಕೊಂಡೆ. ಇಳಿದದ್ದನ್ನು ಪಕ್ಕದ ಆಟೋದವರ ಮೊಬೈಲಿನಲ್ಲಿ ನೋಡಿದೆ.

ದೂರದ ಕನ್ನಡತಿ:

ಜಪಾನಿನಿಂದ ಬರೆಯುತ್ತಿದ್ದೇನೆ. ಇಲ್ಲಿಯ ಸ್ಲಿಮ್ ನೌಕೆ 2024ರ ಜನವರಿಯಲ್ಲಿ ಮೂಗು ನೆಲಕ್ಕೆ ಊರಿ ಇಳಿಯಿತು. ಆದರೂ ಮೂರು ಚಂದ್ರರಾತ್ರಿಗಳನ್ನು ಕಳೆದು ಮತ್ತೆ ಮತ್ತೆ ಎದ್ದಿತು. ನಮ್ಮ ವಿಕ್ರಮ್ ಅಷ್ಟು ಚೆನ್ನಾಗಿ ಇಳಿದೂ ಒಂದು ರಾತ್ರಿಯ ನಂತರ ಏಳಲಿಲ್ಲ ಎಂಬುದು ನನಗೆ ಇನ್ನೂ ಕೊರಗು. ಸೆಪ್ಟೆಂಬರ್ 22ರಂದು ಕರೆದು ನೋಡಿದರು, ಉತ್ತರ ಬರಲಿಲ್ಲ.

ಮುಂದೆ ಬರುವ ಚಂದ್ರಯಾನ-5ರಲ್ಲಿ ಇಸ್ರೋ ಲ್ಯಾಂಡರ್ ಮಾಡುತ್ತದೆ, ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ರೋವರ್ ಮಾಡುತ್ತದೆ. ಪ್ರಜ್ಞಾನ್ 26 ಕಿಲೋ, ಈ ಬಂಡಿ 250 ಕಿಲೋ. ಅದು ನೆಲವನ್ನು ಕೊರೆದು ನೀರನ್ನೇ ಹುಡುಕುತ್ತದೆ. ಕಾವಲಿ ಮೇಡಂ ಹೇಳಿದ ಸೂಜಿಯ ಲೆಕ್ಕ ಅದಕ್ಕೆ ಕೆಲಸಕ್ಕೆ ಬರುವುದು ಖಂಡಿತ.

ಕಾವಲಿ:

ಕೊರಗಬೇಡಿ. ವಿಕ್ರಮ್‌ಗೆ ಕೊಟ್ಟಿದ್ದ ಆಯುಸ್ಸೇ ಒಂದು ಹಗಲು, ಅಂದರೆ ನಮ್ಮ 14 ದಿನ. ರಾತ್ರಿಯಲ್ಲಿ ನೆಲ ಸೊನ್ನೆಗಿಂತ 150 ಡಿಗ್ರಿಗೂ ಕೆಳಗೆ ಹೋಗುತ್ತದೆ. ಚೀನಾದವರು ವಿಕಿರಣಶೀಲ ತುಣುಕಿನ ಸಣ್ಣ ಒಲೆ ಇಟ್ಟು ಕಳಿಸುತ್ತಾರೆ, ವಿಕ್ರಮ್‌ಗೆ ಅದಿರಲಿಲ್ಲ. ಮಲಗುವ ಮುಂಚೆ ಸೆಪ್ಟೆಂಬರ್ 3ರಂದು ಎಂಜಿನ್ ಮತ್ತೆ ಹೊತ್ತಿಸಿ 40 ಸೆಂಟಿಮೀಟರ್ ಹಾರಿ ಪಕ್ಕಕ್ಕೆ ಇಳಿಯಿತಲ್ಲ, ಅದನ್ನು ಮರೆಯಬೇಡಿ. ಹಾರುವ ಮೊದಲು ಸೂಜಿಯನ್ನು ಮಡಚಿಟ್ಟುಕೊಂಡು, ಇಳಿದ ಮೇಲೆ ಮತ್ತೆ ಬಿಚ್ಚಿತು. ಗದ್ದೆಯಲ್ಲಿ ಪಂಚೆ ಎತ್ತಿ ಕಟ್ಟಿ ಬದು ಹಾರಿದವರ ಹಾಗೆ.

ಎಂಟನೇ ಬಿ ಮೇಷ್ಟ್ರು:

ನಾಲ್ಕು ದಿನ ತಡವಾಗಿ ಬರುತ್ತಿದ್ದೇನೆ, ಕ್ಷಮಿಸಿ. ಓದಿ ಸುಮ್ಮನಿರಲು ಆಗಲಿಲ್ಲ. ಪ್ರಯೋಗಾಲಯದಲ್ಲಿದ್ದ ಎರಡು ಉಷ್ಣಮಾಪಕ ತೆಗೆದುಕೊಂಡು ಮಕ್ಕಳೊಂದಿಗೆ ಆಟದ ಮೈದಾನಕ್ಕೆ ಹೋದೆ. ಮಧ್ಯಾಹ್ನ ಒಂದು ಗಂಟೆ. ಕಬಡ್ಡಿ ಅಂಕಣದ ಮಣ್ಣು ಮೇಲೆ 46 ಡಿಗ್ರಿ, ಎಂಟು ಸೆಂಟಿಮೀಟರ್ ಕೆಳಗೆ 32. ಮೊಳೆ ಹೊಡೆದು ತೂತು ಮಾಡಿ ಉಷ್ಣಮಾಪಕ ಇಳಿಸಿದ್ದು, ಇಲ್ಲದಿದ್ದರೆ ಬುರುಡೆ ಒಡೆಯುತ್ತಿತ್ತು. ಚಂದ್ರನಲ್ಲಿ ಸುಡುಬಿಸಿಲಿನಿಂದ ಐಸ್ ಪೆಟ್ಟಿಗೆಗೆ ಇಳಿದ ಕಡೆ ನಮ್ಮಲ್ಲಿ ಇಳಿದದ್ದು ಹದಿನಾಲ್ಕೇ ಡಿಗ್ರಿ. "ನಮ್ಮ ಮಣ್ಣಿಗೆ ಗಾಳಿ ಇದೆ" ಎಂದು ಅವರೇ ಹೇಳಿದರು.

ಆಮೇಲೆ ಮಣ್ಣಿನ ದಿಣ್ಣೆ ಮಾಡಿ ಓರೆಯ ಪ್ರಯೋಗ ಮಾಡಿದೆವು. ಸೋತೆವು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಿಸಿ. ನನ್ನ ಮುಖ ಸಣ್ಣದಾಯಿತು.

ಪಂಚಾಂಗ:

ಮೇಷ್ಟ್ರೇ, ಒಂದು ಗಂಟೆಗೆ ಸೂರ್ಯ ನಿಮ್ಮ ನೆತ್ತಿಯ ಹತ್ತಿರವೇ ಇದ್ದಾನೆ! ಆರು ಡಿಗ್ರಿ ಆಚೀಚೆ ಆದರೆ ಅವನಿಗೆ ಲೆಕ್ಕವೇ ಇಲ್ಲ. ಲೆಕ್ಕಿಗರ ತಾರಸಿಯ ಕತೆಯೇ ಇದು. ಬೆಳಗ್ಗೆ ಏಳೂವರೆಗೆ ಹೋಗಿ. ದಿಣ್ಣೆಯ ಮುಖ ಪೂರ್ವಕ್ಕೆ ಇರಲಿ. ಓರೆಯನ್ನು ಆರಕ್ಕೆ ನಿಲ್ಲಿಸದೆ ಇಪ್ಪತ್ತು ಡಿಗ್ರಿ ಮಾಡಿ, ಗಾಳಿ ಬೀಸುವ ಊರಿನಲ್ಲಿ ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಪಶ್ಚಿಮದ ಮಗ್ಗುಲನ್ನೂ ಅಳೆಯಿರಿ.

ಎಂಟನೇ ಬಿ ಮೇಷ್ಟ್ರು:

ಇವತ್ತು ಬೆಳಗ್ಗೆ ಅಳೆದೆವು. ಪ್ರಾರ್ಥನೆಗೆ ಮೊದಲೇ ಹದಿನೇಳು ಮಕ್ಕಳು ಬಂದಿದ್ದರು, ಪರೀಕ್ಷೆಯ ದಿನವೂ ಅಷ್ಟು ಬೇಗ ಬರುವುದಿಲ್ಲ. ಸಮತಟ್ಟು ನೆಲ 27, ಪೂರ್ವದ ಇಳಿಜಾರು 31, ಪಶ್ಚಿಮದ ಮಗ್ಗುಲು 24. ಅಲ್ಲಿ ಇನ್ನೂ ಇಬ್ಬನಿ ಆರಿರಲಿಲ್ಲ. ಹುಡುಗನೊಬ್ಬ ಬೆರಳಿನಿಂದ ಆ ಒದ್ದೆಯನ್ನು ಮುಟ್ಟಿ, "ಸರ್, ಇಲ್ಲಿ ನೀರು ಸಿಕ್ಕಿತು" ಎಂದ.

ಗಂಧಕದ ಹುಡುಗಿ ಮಾತ್ರ ಪಟ್ಟು ಬಿಟ್ಟಿಲ್ಲ. ಅವಳ ಹೊಸ ಪ್ರಶ್ನೆ: "ವಿಕ್ರಮ್ ಈಗ ಸತ್ತುಹೋಗಿದೆಯಾ ಸರ್?" ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ, ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಪಂಚಾಂಗ:

ಬಾಯಿ ಬರದಿದ್ದದ್ದೇ ಒಳ್ಳೆಯದಾಯಿತು. ವಿಕ್ರಮ್‌ನ ಮಾಡಿನ ಮೇಲೆ ನಾಸಾ ಕೊಟ್ಟ ಒಂದು ಪುಟ್ಟ ಪ್ರತಿಫಲಕ ಇದೆ. ಐದು ಸೆಂಟಿಮೀಟರ್ ಅಗಲ, ಬಿಸ್ಕತ್ತಿನಷ್ಟು. ಅದರಲ್ಲಿ ಎಂಟು ಸ್ಫಟಿಕದ ಮೂಲೆಗನ್ನಡಿಗಳಿವೆ. ಬೆಳಕು ಯಾವ ದಿಕ್ಕಿನಿಂದ ಬಂದರೂ ಅದೇ ದಿಕ್ಕಿಗೆ ಹಿಂದಿರುಗಿಸುತ್ತವೆ. ಬ್ಯಾಟರಿ ಬೇಡ, ಕರೆಂಟು ಬೇಡ, ಚಳಿಯ ಹಂಗೂ ಇಲ್ಲ. ಲ್ಯಾಂಡರ್ ಮಲಗಿ ಮೂರು ತಿಂಗಳಾದ ಮೇಲೆ, 2023ರ ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುತ್ತಿರುವ ನಾಸಾದ ಎಲ್‌ಆರ್‌ಒ ನೌಕೆ 100 ಕಿಲೋಮೀಟರ್ ದೂರದಿಂದ ಅದರ ಮೇಲೆ ಲೇಸರ್ ಬಿಟ್ಟಿತು. ಬೆಳಕು ತಿರುಗಿ ಬಂತು.

ಎಂಟನೇ ಬಿ ಮೇಷ್ಟ್ರು:

ನಾಳೆ ಬೆಳಗ್ಗೆ ಅವಳಿಗೆ ಹೇಳುತ್ತೇನೆ. ಮೂರು ಕನ್ನಡಿ ಚೂರನ್ನು ಮೂಲೆಗೆ ಜೋಡಿಸಿ ಟಾರ್ಚು ಬಿಟ್ಟರೆ ಇದು ಕಾಣುತ್ತದೆಯೇ? ಕನ್ನಡಿ ಎಷ್ಟು ದೊಡ್ಡದಿರಬೇಕು, ಯಾರಾದರೂ ತಿಳಿಸಿ.